ಹಳೆಯ ಗಣಕದ ಪೋಷಣೆ

ನನ್ನ ಮೇಜಿನ ಮೇಲೆ 2003ರಲ್ಲಿ ಕೊಂಡ ಗಣಕಯಂತ್ರವೊಂದು ಇಂದಿಗೂ ಇದೆ. ಅದನ್ನು ನಡೆಸುತ್ತಿರುವುದು ವಿಂಡೋಸ್ ಎಕ್ಸ್‌ಪಿ ಎಂಬ ಆಪರೇಟಿಂಗ್ ಸಿಸ್ಟಂ, ಎಂದರೆ ಕೀಲಿಮಣೆ, ಪರದೆ, ಕಡತಗಳೆಲ್ಲವನ್ನೂ ನಿರ್ವಹಿಸುವ ಮೂಲ ತಂತ್ರಾಂಶ. ಮನೆಯ ಕಿರಿಯರ ಕಣ್ಣಿಗೆ ಅದು ಧೂಳು ಹಿಡಿದ ಪೆಟ್ಟಿಗೆ. ಆದರೆ ಹದಿನೈದು ವರ್ಷ ನಾನು ಬರೆದ ಕತೆ, ಪ್ರಬಂಧಗಳೆಲ್ಲ ಅದರ ಒಡಲಲ್ಲಿವೆ. ಇಂತಹ ಯಂತ್ರವನ್ನು ಇಟ್ಟುಕೊಳ್ಳಬಹುದೆ, ಇಟ್ಟುಕೊಂಡರೆ ಹೇಗೆ ಎಂಬುದೇ ಇಂದಿನ ನನ್ನ ಮಾತು.

ಎಕ್ಸ್‌ಪಿ ಹೊರಬಂದುದು 2001ರ ಅಕ್ಟೋಬರ್ 25ರಂದು. ಕೋಟಿಗಟ್ಟಲೆ ಸಾಲುಗಳ ಆದೇಶಗಳಿಂದಾದ ಕೃತಿ ನಿರ್ದೋಷವಾಗಿರುವುದು ಅಸಾಧ್ಯ. ಅಚ್ಚಾದ ಪುಸ್ತಕಕ್ಕೆ ಒಪ್ಪೋಲೆ ಅಂಟಿಸುವಂತೆ, ಇದಕ್ಕೂ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ಆಗಾಗ್ಗೆ ತಿದ್ದುಪಡಿಗಳನ್ನು ಕಳುಹಿಸುತ್ತಿದ್ದರು. ಪುಸ್ತಕದ ತಪ್ಪನ್ನು ಕಂಡವನು ನಕ್ಕು ಮುಂದಿನ ಪುಟಕ್ಕೆ ಹೋಗುತ್ತಾನೆ. ಇಲ್ಲಿನ ತಪ್ಪನ್ನು ಕಂಡವನು ಅದರ ಮೂಲಕವೇ ಒಳನುಗ್ಗಬಲ್ಲ. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಈ ಉಪಚಾರ ನಿಂತಿತು. ಅಪಾಯ ಹೆಚ್ಚಿದುದು ಆಮೇಲೆ. ಹೊಸ ಆವೃತ್ತಿಯ ಬಹಳಷ್ಟು ಭಾಗ ಹಳೆಯದರಿಂದಲೇ ಬಂದದ್ದು. ಆದಕಾರಣ ಹೊಸದಕ್ಕೆ ಹೊರಡಿಸುವ ಒಪ್ಪೋಲೆಯೇ ಹಳೆಯದರ ಬಿರುಕು ಎಲ್ಲಿದೆಯೆಂದು ಕಳ್ಳನಿಗೆ ತೋರಿಸಿಕೊಡುತ್ತದೆ.

2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಜಗತ್ತಿನ ಗಣಕಗಳನ್ನು ಹೊಕ್ಕು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ನಿವೃತ್ತವಾಗಿದ್ದ ಎಕ್ಸ್‌ಪಿಗೂ ಆಗ ಒಂದು ವಿಶೇಷ ತಿದ್ದುಪಡಿ ಬಂತು. ಹಳೆಯ ಎಕ್ಸ್‌ಪಿಯೇ ಅಪರಾಧಿಯೆಂದು ಹಲವರು ಬರೆದರು. ಲೆಕ್ಕ ನೋಡಿದಾಗ ಬಾಧೆಗೊಳಗಾದ ಬಹುಪಾಲು ಯಂತ್ರಗಳು ಅದಕ್ಕಿಂತ ಹೊಸದಾದ ವಿಂಡೋಸ್ 7ರವು! ಅದರ ಒಪ್ಪೋಲೆ ಮಾರ್ಚ್ ತಿಂಗಳಲ್ಲಿಯೇ ಸಿದ್ಧವಿತ್ತು, ಅಂಟಿಸಿರಲಿಲ್ಲ, ಅಷ್ಟೆ. ಮುಪ್ಪಿಗಿಂತ ಅಲಕ್ಷ್ಯವೇ ಕೆಟ್ಟದ್ದೆಂದು ನನಗೆ ತೋರಿತು.

ನನ್ನ ಯಂತ್ರಕ್ಕೆ ಬಂದ ತಿದ್ದುಪಡಿಗಳನ್ನೆಲ್ಲ ಹಾಕಿಸಿ, ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತಿದ್ದೇನೆ. ಪೆನ್‌ಡ್ರೈವ್ ಚುಚ್ಚಿದೊಡನೆ ತಾನಾಗಿ ಏನೂ ಚಾಲನೆಗೊಳ್ಳದಂತೆ ಮಾಡಿದ್ದೇನೆ. ಒಂದು ಬೆಳಗ್ಗೆ ಅದರ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ನೋಡಿದರೆ ಒಳಗಿನ ನಾಣ್ಯದಗಲದ ಬ್ಯಾಟರಿ ಸತ್ತಿತ್ತು. ಹೊಸದಕ್ಕೆ ತಗುಲಿದ್ದು ಅಲ್ಪ ಹಣ. ತಂತ್ರಾಂಶ ಸವೆಯುವುದಿಲ್ಲ, ಸವೆಯುವುದು ಹಾರ್ಡ್‌ಡಿಸ್ಕು. ಆದಕಾರಣ ಎಲ್ಲ ಕಡತಗಳಿಗೂ ಎರಡೆರಡು ಪ್ರತಿ.

ನಿಜವಾದ ಕಷ್ಟ ಎದುರಾದದ್ದು ಆ ಪ್ರತಿಗಳನ್ನು ಹೊಸ ಗಣಕದಲ್ಲಿ ತೆರೆದಾಗ. ನನ್ನ ಕತೆಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಆ ಕಾಲದ ನಮ್ಮ ಅಕ್ಷರವಿನ್ಯಾಸಗಳು ಇಂಗ್ಲಿಷಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ವಿನ್ಯಾಸವಿಲ್ಲದ ಕಡೆ ಕನ್ನಡ ಮಾಯ. ಯೂನಿಕೋಡ್ ಪದ್ಧತಿಯಲ್ಲಾದರೋ ಕನ್ನಡಕ್ಕೆಂದೇ 128 ಸ್ಥಾನಗಳಿವೆ. ಎಕ್ಸ್‌ಪಿಯಲ್ಲಿಯೇ ಅದಕ್ಕೆ ಹೊಂದುವ ‘ತುಂಗಾ’ ವಿನ್ಯಾಸವಿತ್ತು; ನಾನೇ ಅದನ್ನು ಕಣ್ಣೆತ್ತಿ ನೋಡಲಿಲ್ಲ.

ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಅರ್ಕಾವೊತ್ತಿನಲ್ಲಿ ಅವು ಎಡವುವುದುಂಟು. ಹಳೆಯ ಪದ್ಧತಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರಗಳನ್ನು ಇರಿಸುತ್ತದೆ: ಮೊದಲು ‘ಯ’, ಅದರ ಬಲಕ್ಕೆ ಅರ್ಕಾವೊತ್ತು. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ: ಮೊದಲು ‘ರ್’, ಆಮೇಲೆ ‘ಯ’. ಸ್ಥಾನ ಬದಲಿಸಲು ಮರೆತರೆ ‘ಸೂರ್ಯ’ನು ‘ಸೂಯರ್’ ಆಗುತ್ತಾನೆ, ಕರ್ನಾಟಕ ‘ಕನಾರ್ಟಕ’ವಾಗುತ್ತದೆ. ಇದನ್ನು ಯಂತ್ರಕ್ಕೇ ಬಿಡುವ ಧೈರ್ಯ ನನಗಿಲ್ಲ. ಹಳೆಯ ಪರದೆಯಲ್ಲಿ ಮೂಲವನ್ನು ತೆರೆದು, ಹೊಸದರಲ್ಲಿ ಪರಿವರ್ತನೆಯನ್ನು ತೆರೆದು, ಸಾಲುಸಾಲಾಗಿ ಕರಡು ತಿದ್ದುತ್ತಿದ್ದೇನೆ. ಇನ್ನು ನಲವತ್ತೆರಡು ಕಡತಗಳು ಉಳಿದಿವೆ. ಅವು ಮುಗಿಯುವವರೆಗೂ ಆ ಪೆಟ್ಟಿಗೆ ನನ್ನ ಮೇಜಿನ ಮೇಲೆಯೇ ಇರುತ್ತದೆ.