ಡಿಜೋನಿನ ಗೂಬೆ, ಗಂಜಾಮಿನ ದೇವಾಲಯ

ದ್ರಾಕ್ಷಾರಸಕ್ಕೆ ಹೆಸರಾದ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಹಳೆಯ ರಾಜಧಾನಿ ಡಿಜೋನ್. ಸಂತ ಬರ್ನಾರ್ಡರು 1090ರಲ್ಲಿ ಜನಿಸಿದ್ದು ಈ ನಗರದ ಅಂಚಿನ ಫೊಂತೇನ್ ಎಂಬಲ್ಲಿ. ಅವರು ಸೇರಿದ ಸಿತೋ ಮಠದ ಸನ್ಯಾಸಿಗಳು ಸಮೀಪದ ಇಳಿಜಾರುಗಳಲ್ಲಿ ಬೆಳೆಸಿದ ದ್ರಾಕ್ಷಿ ತೋಟಗಳು ಇಂದಿಗೂ ಪ್ರಸಿದ್ಧವಾಗಿವೆ. ಈ ನಗರವನ್ನು ನೋಡಲು ಹೋದವನಿಗೆ ಮಾರ್ಗದರ್ಶಿ ಬೇಕಾಗಿಲ್ಲ. ಅಲ್ಲಿನ ಮಾತೆ ಮರಿಯಮ್ಮನವರ ದೇವಾಲಯದ ಗೋಡೆಯ ಮೇಲೆ ಒಂದು ಪುಟ್ಟ ಗೂಬೆಯ ಕೆತ್ತನೆ ಇದೆ. ಆ ಗೂಬೆಯನ್ನೇ ಗುರುತಾಗಿಸಿ ನಗರಾಡಳಿತವು ಕಾಲುದಾರಿಯ ಹಾಸುಗಲ್ಲಿನಲ್ಲಿ ಹಿತ್ತಾಳೆಯ ಬಾಣಗಳನ್ನು ಹುದುಗಿಸಿದೆ. ಇಪ್ಪತ್ತೆರಡು ತಾಣಗಳಿಗೆ ಕ್ರಮಸಂಖ್ಯೆ ಕೊಟ್ಟಿದೆ. ಬಾಣ ತೋರಿದತ್ತ ಹೆಜ್ಜೆ ಹಾಕಿದರೆ ಸಾಕು. ಗೂಬೆಯನ್ನು ಎಡಗೈಯಿಂದ ಸವರಿದರೆ ಬಯಸಿದ್ದು ಕೈಗೂಡುವುದೆಂಬ ನಂಬಿಕೆಯೂ ಅಲ್ಲಿದೆಯಂತೆ. ಸವರಿ ಸವರಿ ಪಾಪ, ಆ ಹಕ್ಕಿಗೆ ಮುಖವೇ ಉಳಿದಿಲ್ಲ!

ತನ್ನ ಪಾಡಿಗೆ ತಾನು ನಡೆದು ನೋಡುವುದರಲ್ಲಿ ಒಂದು ಬಗೆಯ ಅರಿವು ದೊರೆಯುತ್ತದೆ. ಅರಿಸ್ಟಾಟಲನ ಪಂಥದವರಿಗೆ ‘ನಡೆದಾಡುವವರು’ ಎಂದೇ ಹೆಸರು. ಬಸ್ಸಿನಿಂದಿಳಿದು, ಮಾರ್ಗದರ್ಶಿಯ ಬಾಯಿಪಾಠ ಕೇಳಿ, ಮತ್ತೆ ಬಸ್ಸೇರುವವನಿಗೆ ಊರೆಂಬುದು ಬಿಡಿಬಿಡಿ ಚಿತ್ರಗಳ ಸಾಲು. ನಡೆಯುವವನಿಗಾದರೋ ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ಇರುವ ಸಂಬಂಧ ಕಾಲಿನ ಮೂಲಕವೇ ತಿಳಿಯುತ್ತದೆ. ಡಿಜೋನಿಗೆ ಹೋಗುವ ಭಾಗ್ಯ ನಮ್ಮಲ್ಲಿ ಎಷ್ಟು ಜನರಿಗೆ ಉಂಟು? ಆದರೆ ಫ್ರೆಂಚರ ನೆರಳು ಬಿದ್ದ, ಒಂದೇ ಹಗಲಿನಲ್ಲಿ ನಡೆದು ಮುಗಿಸಬಹುದಾದ ಹಳೆಯ ಪಟ್ಟಣವೊಂದು ನಮ್ಮ ನಾಡಿನಲ್ಲೇ ಇದೆ. ಅದು ಶ್ರೀರಂಗಪಟ್ಟಣ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ನಮಗೆ ಆ ಊರಿನೊಡನೆ ವಿಶೇಷವಾದ ನಂಟೊಂದಿದೆ. ಅದನ್ನು ದಾರಿಯಲ್ಲಿಯೇ ಹೇಳುತ್ತೇವೆ.

ಕಾವೇರಿಯ ಎರಡು ಕವಲುಗಳ ನಡುವಣ ಈ ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ. ನಡುವಿನ ಅಂತರ ಐದು ಕಿಲೋಮೀಟರಿನಷ್ಟು. ರೈಲು ನಿಲ್ದಾಣ ಕೋಟೆಯೊಳಗೇ ಇರುವುದರಿಂದ ಅಲ್ಲಿಂದಲೇ ಹೊರಡಬಹುದು. ಬೆಳಗಿನ ಹೊತ್ತಾದರೆ ಒಳ್ಳೆಯದು. ಮಕ್ಕಳಿದ್ದರೆ ನೀರು, ಕೊಡೆ, ಬುತ್ತಿ ಮರೆಯಬಾರದು. ಹಳಿಯ ಪಕ್ಕದಲ್ಲಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು ಜೋಡಿ ಮಾರ್ಗದ ಕಾಮಗಾರಿಗಾಗಿ 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಸರಿಸಿಟ್ಟರು. ಇಂದಿನ ಯಂತ್ರವಿದ್ಯೆಯ ಆ ಸಾಹಸವನ್ನು ಮಕ್ಕಳಿಗೆ ತೋರಿಸಿ ಮುಂದೆ ಸಾಗೋಣ.

ಶ್ರೀರಂಗನಾಥನ ಗುಡಿ, 1799ರ ಮೇ 4ರಂದು ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಗುರುತಿಸುವ ಕಲ್ಲು, ಎರಡು ಮಿನಾರುಗಳ ಜಾಮಿಯಾ ಮಸೀದಿ – ಇವನ್ನು ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ನಾವು ಹೆಚ್ಚು ಹೊತ್ತು ನಿಲ್ಲಬೇಕೆನ್ನುವುದು ನದಿಯ ಕಡೆಯ ಗೋಡೆಯ ಬಳಿ ಇರುವ ನೆಲಮಾಳಿಗೆಯಲ್ಲಿ. ಕರ್ನಲ್ ಬೇಲಿಯ ಸೆರೆಮನೆ ಎಂದು ಅದರ ಹೆಸರು. ಗೋಡೆಯಿಂದ ಚಾಚಿದ ಕಲ್ಲಿನ ಹಲಗೆಗಳಲ್ಲಿ ಸರಪಳಿ ತೂರಿಸುವ ರಂಧ್ರಗಳಿವೆ. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕ ಬೇಲಿ ಎರಡು ವರ್ಷಗಳ ನಂತರ ಈ ಪಟ್ಟಣದಲ್ಲಿಯೇ ತೀರಿಕೊಂಡನು.

ಕೋಟೆಯಿಂದ ಹೊರಬಂದು ಪೂರ್ವಕ್ಕೆ ನಡೆದರೆ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಸಿಗುತ್ತದೆ. ಅದರ ಪಶ್ಚಿಮದ ಗೋಡೆಯ ತುಂಬ ಪೊಳ್ಳಿಲೂರಿನ ಕಾಳಗದ ಚಿತ್ರ. ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಬೇಲಿಯನ್ನು ಅದರಲ್ಲಿ ಹುಡುಕಿರಿ. ದೂರದರ್ಶಕ ಹಿಡಿದ ಫ್ರೆಂಚ್ ಅಧಿಕಾರಿ ಲಾಲಿಯೂ ಅಲ್ಲಿದ್ದಾನೆ. ಅರ್ಧ ಗಂಟೆಯ ಹಿಂದೆ ಕತ್ತಲ ಕೋಣೆಯಲ್ಲಿ ಕಲ್ಪಿಸಿಕೊಂಡ ಮನುಷ್ಯ ಇಲ್ಲಿ ಬಣ್ಣದಲ್ಲಿ ಎದುರಾಗುತ್ತಾನೆ. ಇನ್ನೂ ಮುಂದೆ, ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜಿನ ಆವರಣದ ಬಳಿ, 1816ರಲ್ಲಿ ಅವನ ಬಂಧುವೊಬ್ಬ ಕಟ್ಟಿಸಿದ ಸ್ಮಾರಕವೂ ದೊರೆಯುತ್ತದೆ. ಸೆರೆ, ಚಿತ್ರ, ಸ್ಮಾರಕ – ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವುದು ನಡಿಗೆಯೇ.

ಈ ಊರಿನಲ್ಲಿ ಫ್ರೆಂಚರು ಬರೀ ಚಿತ್ರದಲ್ಲಿರಲಿಲ್ಲ. ಟಿಪ್ಪುವಿನ ಸೇನೆಯಲ್ಲಿ ಅವರ ತುಕಡಿಯಿತ್ತು. 1797ರಲ್ಲಿ ರಿಪೋ ಎಂಬವನ ಮುಂದಾಳತ್ವದಲ್ಲಿ ಅವರು ಇಲ್ಲಿ ಕ್ರಾಂತಿಕಾರಿ ಸಂಘವೊಂದನ್ನು ಸ್ಥಾಪಿಸಿ ‘ಸ್ವಾತಂತ್ರ್ಯದ ಮರ’ವನ್ನು ನೆಟ್ಟರೆಂದು ಇಂಗ್ಲಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಆ ಪತ್ರಗಳನ್ನು ಎಷ್ಟು ನಂಬಬಹುದೆಂಬ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಅದೇನೇ ಇರಲಿ, ಆ ಕ್ರಾಂತಿಯ ಕಾಲದಲ್ಲೇ ತಾಯ್ನಾಡು ಬಿಟ್ಟು ಬಂದ ಗುರುವೊಬ್ಬರು ಎರಡು ವರ್ಷಗಳ ನಂತರ ಇದೇ ಪಟ್ಟಣಕ್ಕೆ ಕಾಲಿಟ್ಟರು. ಅವರೇ ಅಬ್ಬೆ ದುಬಾಯ್ ಸ್ವಾಮಿಗಳು. ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯವರಾದ ಅವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹಡಗೇರಿದ್ದರು. ಪೇಟ ಸುತ್ತಿ, ಈ ದೇಶದ ಉಡುಪನ್ನೇ ತೊಟ್ಟು, ಮಾಂಸಾಹಾರವನ್ನು ಬಿಟ್ಟು ಜನರ ನಡುವೆ ಬಾಳಿದರು. ನಮ್ಮ ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಅವರು ಬಂದದ್ದು ಚೆದುರಿಹೋದ ಮಂದೆಯನ್ನು ಕೂಡಿಸಲು. 1784ರ ವಿಭೂತಿ ಬುಧವಾರದಂದು ಕರಾವಳಿಯ ಕಥೋಲಿಕರನ್ನು ಬಂಧಿಸಿ ಘಟ್ಟ ಹತ್ತಿಸಿ ಈ ಪಟ್ಟಣಕ್ಕೆ ನಡೆಸಿ ತಂದ ಸಂಗತಿ ನಮ್ಮ ಓದುಗರಿಗೆ ಹೊಸದಲ್ಲ. ಮೂವತ್ತು ಸಾವಿರವೆನ್ನುವವರಿದ್ದಾರೆ, ಎಂಬತ್ತು ಸಾವಿರವೆನ್ನುವವರಿದ್ದಾರೆ. ಹಲವರು ದಾರಿಯಲ್ಲೇ ಸತ್ತರು, ಹಲವರು ಬಲವಂತದಿಂದ ಮತ ಬಿಟ್ಟರು, ಉಳಿದವರು 1799ರ ನಂತರ ಊರಿಗೆ ಮರಳಿದರು. ಅದೇ ದೊರೆ 1791ರಲ್ಲಿ ಮರಾಠರ ದಂಡಿನಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದನೆಂಬುದೂ, ಕೋಟೆಯೊಳಗೆ ರಂಗನಾಥನ ಪೂಜೆ ನಡೆಯುತ್ತಿತ್ತೆಂಬುದೂ ನಿಜ. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ. ವೇದಿಕೆಯ ಮೇಲಿನ ಭಾಷಣಕ್ಕೆ ಒಂದೇ ಸತ್ಯ ಸಾಕಾಗುತ್ತದೆ. ನಡೆಯುವವನಾದರೋ ಗುಡಿಯ ಮುಂದೆಯೂ ಸೆರೆಮನೆಯ ಮುಂದೆಯೂ ಹಾದುಹೋಗಲೇಬೇಕು.

ಇನ್ನು ನಮ್ಮ ನಂಟಿನ ವಿಷಯ. ದರಿಯಾ ದೌಲತ್ತಿನಿಂದ ಪೂರ್ವಕ್ಕೆ ಸಾಗುವ ರಸ್ತೆ ಗಂಜಾಮಿಗೆ ಹೋಗುತ್ತದೆ. ಟಿಪ್ಪು ಕಟ್ಟಿಸಿದ ಈ ಹೊಸ ಪೇಟೆಯನ್ನು ತುಂಬಲು ಜನ ಬೇಕಾಗಿತ್ತು. ಮೈಸೂರು ಗೆಜೆಟಿಯರಿನ ಪ್ರಕಾರ ಅದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದರು. ದಿಲಾವರ್ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಹೇಳಲಾಗುವ, ಮೊಗಲರ ಸುಬಾದ ರಾಜಧಾನಿಯಾಗಿದ್ದ ನಮ್ಮ ಶಿರಾ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಇಂದು ಅಲ್ಲಿ ಮಲಿಕ್ ರಿಹಾನನ ಗೋರಿಯನ್ನೂ 1696ರ ಜಾಮಿಯಾ ಮಸೀದಿಯನ್ನೂ ನೋಡಿದವರು ಇಷ್ಟು ದೊಡ್ಡ ಊರು ಎಲ್ಲಿ ಹೋಯಿತೆಂದು ಕೇಳುತ್ತಾರೆ. ಉತ್ತರದ ಒಂದು ಪಾಲು ಗಂಜಾಮಿನ ಬೀದಿಗಳಲ್ಲಿದೆ. ನಮ್ಮ ಮಧುಗಿರಿ ಬೆಟ್ಟದ ಕೋಟೆಯೂ ಸೆರೆಯ ಕಥೆಯಿಂದ ಹೊರತಲ್ಲ. 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರನು ರಾಣಿ ವೀರಮ್ಮಾಜಿಯನ್ನು ಇರಿಸಿದ್ದು ಅಲ್ಲಿಯೇ.

ಹೀಗೆ ಶಿರಾದವರು, ಕರಾವಳಿಯವರು, ಪೊಳ್ಳಿಲೂರಿನ ಕೈದಿಗಳು – ಎಲ್ಲರೂ ತಮ್ಮ ಇಚ್ಛೆಯಿಂದ ಬಂದವರಲ್ಲ. ಅವರ ನಡುವೆ, ಗಂಜಾಮಿನಲ್ಲಿಯೇ, ದೊಡ್ಡ ಸ್ವಾಮಿಯವರು 1800ರ ಸುಮಾರಿಗೆ ದೇವಾಲಯ ಕಟ್ಟಿಸಿದರು. ಅಬ್ಬೆ ದುಬಾಯ್ ಚರ್ಚ್ ಎಂದರೆ ಊರಿನವರು ದಾರಿ ತೋರುತ್ತಾರೆ. ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಒಳಗೆ ಹೋಗಿ ಒಂದಿಷ್ಟು ಹೊತ್ತು ಮೌನವಾಗಿ ಕುಳಿತುಕೊಳ್ಳಿರಿ. ಇಲ್ಲಿಂದ ಹೊರಟು ಅವರು ಮಾಡಿದ ಕೆಲಸ ಸಣ್ಣದಲ್ಲ. ನೆಲೆಯಿಲ್ಲದವರಿಗೆ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ಮುಂದಾದರು. 1803–04ರಲ್ಲಿ ಲಸಿಕೆ ಪಡೆದು ದಾಖಲೆಯಾದವರ ಸಂಖ್ಯೆ 25,432. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. ಅದರ ಬಹುಭಾಗ ಕೂರ್ಡೂ ಎಂಬ ಹಿರಿಯ ಯೇಸುಸಭೆಯ ಗುರುವಿನ ಬರಹವನ್ನು ಆಧರಿಸಿತ್ತೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿತು. ಆದ್ದರಿಂದ ಆ ಗ್ರಂಥದ ಕೀರ್ತಿಯನ್ನು ಇಬ್ಬರಿಗೆ ಹಂಚುವುದೇ ನ್ಯಾಯ. ನಮ್ಮ ದೃಷ್ಟಿಯಲ್ಲಿ ದೊಡ್ಡ ಸ್ವಾಮಿಯವರ ಹಿರಿಮೆ ಇರುವುದು ಗ್ರಂಥದಲ್ಲಲ್ಲ, ಲಸಿಕೆಯ ಲೆಕ್ಕದ ಪುಸ್ತಕದಲ್ಲಿ.

ಮೂವತ್ತೊಂದು ವರ್ಷಗಳ ದುಡಿಮೆಯ ಬಳಿಕ 1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ಅರ್ಥದ ನಿರಾಶೆಯ ಪತ್ರಗಳನ್ನು ಅದೇ ವರ್ಷ ಪ್ರಕಟಿಸಿದರು. ಅವರು ಕಟ್ಟಿದ ದೇವಾಲಯದಲ್ಲಿ ಕುಳಿತು ಆ ಮಾತನ್ನು ನೆನೆದರೆ ಸ್ವಲ್ಪ ನಗೆಯೂ ಬರುತ್ತದೆ. 1848ರಲ್ಲಿ ಅವರು ಫ್ರಾನ್ಸಿನಲ್ಲಿಯೇ ತೀರಿಕೊಂಡರು.

ಇಲ್ಲಿಂದ ಗುಂಬಜ್, ಅದರಾಚೆ ಸಂಗಮ. ಕಾಲು ಸೋತವರು ಆಟೋ ಹಿಡಿಯಬಹುದು. ಹೆದ್ದಾರಿಯ ಕಡೆಗೆ ಮರಳುವಾಗ ಸಮಯವಿದ್ದರೆ ನದಿಯಂಚಿನ ಹಳೆಯ ದಂಡಿನ ಸ್ಮಶಾನವನ್ನೂ ನೋಡಿರಿ. ಅಲ್ಲಿನ ಸುಮಾರು 300 ಗೋರಿಗಳಲ್ಲಿ ದ ಮೆರೋನ್ ಎಂಬ ಸ್ವಿಸ್ ದಂಡಿನವರದೂ ಇವೆ. ಡಚ್ಚರಿಗಾಗಿ ಕಾದು, 1795ರಲ್ಲಿ ಇಂಗ್ಲಿಷರ ಪಾಳಿಗೆ ಬಂದು, ಕೊನೆಗೆ ಕಾವೇರಿಯ ದಡದಲ್ಲಿ ಮಣ್ಣಾದವರು ಅವರು.

ಗಂಜಾಮಿನಲ್ಲಿ ವಯಸ್ಸಾದವರು ಯಾರಾದರೂ ಜಗಲಿಯ ಮೇಲೆ ಕುಳಿತಿದ್ದರೆ, ತಮ್ಮ ಹಿರಿಯರು ಶಿರಾ ಸೀಮೆಯಿಂದ ಬಂದವರೆಂಬ ನೆನಪು ಆ ಮನೆತನದಲ್ಲಿ ಉಳಿದಿದೆಯೇ ಎಂದು ವಿಚಾರಿಸಿ ನೋಡಿರಿ. ಹಾಗೆಯೇ ಶಿರಾ, ಮಧುಗಿರಿ, ಕೊಳಾಲದ ಕಡೆಯ ನಮ್ಮ ಕುಟುಂಬಗಳಲ್ಲಿ ಪಟ್ಟಣಕ್ಕೆ ಹೋದವರ ಕಥೆಯನ್ನು ಅಜ್ಜ ಅಜ್ಜಿಯರು ಹೇಳುತ್ತಿದ್ದುದುಂಟಾದರೆ, ಅದನ್ನು ಬರೆದು ಈ ಅಂಕಣಕ್ಕೆ ಕಳುಹಿಸಿಕೊಡಿರಿ.