ಮರೆವು ಕಂಡ ಹಿರಿಯರಿಗೆ ನಡಿಗೆ ಮತ್ತು ಲೆಕ್ಕ



ರಾಸುಗಳ ವೈದ್ಯ ಮನುಷ್ಯರ ಮರೆವಿನ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಳೆದ ಬೇಸಿಗೆಯಲ್ಲಿ ಒಂದು ಮನೆಯಿಂದ ತುರ್ತು ಕರೆ ಬಂತು. ಹಸು ಹೊಟ್ಟೆ ಉಬ್ಬರಿಸಿ ನಡುಗುತ್ತಿತ್ತು. ಯೂರಿಯಾ ಉಪಚಾರ ಮಾಡಿದ ಒಣಹುಲ್ಲನ್ನು 3 ವಾರ ಮುಚ್ಚಿಡಬೇಕಷ್ಟೆ. ಎಪ್ಪತ್ತು ದಾಟಿದ ಯಜಮಾನರು ಮುಚ್ಚಿದ ದಿನವನ್ನೇ ಮರೆತು ನಾಲ್ಕನೇ ದಿನಕ್ಕೆ ತೆಗೆದು ಹಾಕಿದ್ದರು. ವಿನೆಗರ್ ಮತ್ತು ತಣ್ಣೀರು ಕುಡಿಸಿದ ಮೇಲೆ ಹಸು ಉಳಿಯಿತು. ಮಗ ತಂದೆಯನ್ನು ಕೊಟ್ಟಿಗೆಗೇ ಬರಬೇಡಿ ಎಂದುಬಿಟ್ಟ. ಅದು ಮಾತ್ರ ತಪ್ಪು.

ಊಟ, ಸ್ನಾನ, ಸಂತೆ ವ್ಯವಹಾರ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾ, ಮರೆವು ಮಾತ್ರ ವಯಸ್ಸಿಗೆ ಮೀರಿ ಇರುವ ಸ್ಥಿತಿ ಇದು. ಮುಂದೆ ಕೆಲವರಿಗೆ ಡಿಮೆನ್ಷಿಯಾ ಆಗುತ್ತದೆ. ಕೆಲವರು ಹಾಗೆಯೇ ಉಳಿಯುತ್ತಾರೆ, ಕೆಲವರು ಮೊದಲಿನಂತೆಯೂ ಆಗುತ್ತಾರೆ. ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರಬಹುದು. ಆದ್ದರಿಂದ ಮೊದಲು ವೈದ್ಯರಲ್ಲಿ ತೋರಿಸಿ. ರಕ್ತದೊತ್ತಡ, ಸಕ್ಕರೆ, ಕಿವಿ ಇವನ್ನೂ ಪರೀಕ್ಷಿಸಿಕೊಳ್ಳಿ.

ಇಂಥ 175 ಹಿರಿಯರ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ವಾರಕ್ಕೆ 3 ದಿನದಂತೆ 20 ವಾರ ಬೆವರು ಬರುವ ವ್ಯಾಯಾಮ ಮತ್ತು ಮಿದುಳಿನ ಅಭ್ಯಾಸ ಎರಡನ್ನೂ ಮಾಡಿದವರು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ನೆನಪಿನ ಪರೀಕ್ಷೆಯಲ್ಲಿ ಮುಂದಿದ್ದರು. ಜೊತೆಗೆ ಕೊಟ್ಟ ವಿಟಮಿನ್ ಡಿ ಮಾತ್ರೆಯಿಂದ ಹೆಚ್ಚಿನ ಗುಣ ಕಾಣಲಿಲ್ಲ.

ದಿನವಿಡೀ ಕೊಟ್ಟಿಗೆಯಲ್ಲೇ ಇರುತ್ತಾರಲ್ಲ ಎನ್ನಬೇಡಿ. ಕುಳಿತು ಹಾಲು ಕರೆದರೆ ಉಸಿರು ಏರುವುದಿಲ್ಲ. ಸಂಘಕ್ಕೆ ಕ್ಯಾನು ಬೈಕಿನಲ್ಲಿ ಹೋಗಲಿ, ಹಿರಿಯರು ನಡೆದೇ ಹೋಗಲಿ. ಉಸಿರು ತುಸು ಏರಬೇಕು, ಆದರೆ ಮಾತಾಡುವಂತಿರಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಲಿ. ಎದೆನೋವು, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ.

ಮಿದುಳಿನ ಅಭ್ಯಾಸಕ್ಕೆ ಅಲ್ಲಿ ಕಂಪ್ಯೂಟರ್ ಬಳಸಿದರು. ನಮ್ಮಲ್ಲಿ ಪಾಸ್‌ಬುಕ್ ಇದೆ. ಲೀಟರು, ದರ ಗುಣಿಸಿ ವಾರದ ಬಟವಾಡೆ ಎಷ್ಟೆಂದು ಅವರೇ ಹೇಳಲಿ. ಗರ್ಭಧಾರಣೆ ಮಾಡಿಸಿದ ದಿನದಿಂದ 280 ದಿನ ಎಣಿಸಿ ಕರು ಹಾಕುವ ತಾರೀಖು ತೆಗೆಯಲಿ. ನಡೆಯುತ್ತಲೇ ನೂರರಿಂದ ಏಳೇಳು ಕಳೆಯುತ್ತಾ ಬರಲಿ, ನನಗೇ ತಡವರಿಸುತ್ತದೆ! ಇವು ನನ್ನ ಸಲಹೆಗಳು, ಆ ಪ್ರಯೋಗದವಲ್ಲ.

ಯೂರಿಯಾ, ಉಣ್ಣೆ ಔಷಧಿ, ಮೇವು ಕತ್ತರಿಸುವ ಯಂತ್ರ ಇವುಗಳ ಬಳಿ ಮಾತ್ರ ಇನ್ನೊಬ್ಬರು ಜೊತೆಗಿರಲಿ. ಆ ಯಜಮಾನರು ಈಗ ಹುಲ್ಲು ಮುಚ್ಚಿದ ದಿನವನ್ನು ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲಿ ಬರೆಯುತ್ತಾರೆ. ಓದಿ ಹೇಳುವವಳು ಮೊಮ್ಮಗಳು.