ಹನ್ನೆರಡನೆಯ ಸೀಸೆ

ಹಳೆಯದೆಲ್ಲ ಒಳ್ಳೆಯದೆಂಬ ಮಾತಿನಲ್ಲಿ ನನಗೆ ಎಂದೂ ಪೂರ್ಣ ವಿಶ್ವಾಸವಿದ್ದಿಲ್ಲ. ಹಳೆಯ ಅಕ್ಕಿ, ಹಳೆಯ ಹುಣಿಸೆಹಣ್ಣು, ಹಳೆಯ ಉಪ್ಪಿನಕಾಯಿ, ಇವುಗಳ ಮಟ್ಟಿಗೆ ಅದು ದಿಟ. ಹಳೆಯ ಕೊಬ್ಬರಿ ಎಣ್ಣೆ, ಹಳೆಯ ಜಗಳ, ಇವುಗಳ ಮಟ್ಟಿಗೆ ಅಲ್ಲ. ದ್ರಾಕ್ಷಾರಸವು ಈ ಎರಡು ಪಂಗಡಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬ ಪ್ರಶ್ನೆ ನನಗೆ ಏಳಬೇಕಾದುದೇ ಅಲ್ಲ. ನಾನು ಹುಟ್ಟಿದ್ದು ಮದ್ಯದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ; ಮೂವತ್ತು ವರ್ಷ ಬೋಧಿಸಿದ್ದು ಕಾವ್ಯಮೀಮಾಂಸೆಯನ್ನು. ಆದರೂ ೨೦೧೯ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಬೋರ್ಡೋ ನಗರದಲ್ಲಿ, ಆ ಪ್ರಶ್ನೆ ನನ್ನೆದುರು ಮೇಜಿನ ಮೇಲೆಯೇ ಬಂದು ನಿಂತಿತು.

ಮಗಳು ಅಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳಿದ್ದ ಮನೆಯ ಒಡೆಯರು ನಿವೃತ್ತ ಭೂಗೋಳದ ಮೇಷ್ಟರು. ಅವರೂ ನಾನೂ ಇಂಗ್ಲಿಷನ್ನು ಎರವಲು ತಂದು ಮಾತನಾಡುತ್ತಿದ್ದೆವು. ನಾನು ಬಂದ ವಾರದಲ್ಲೇ ಅವರು ಎಳೆಯ ಕೆಂಪು ದ್ರಾಕ್ಷಾರಸದ ಒಂದು ಗುಟುಕನ್ನು ಒತ್ತಾಯದಿಂದ ಕೊಟ್ಟರು. ನಾಲಗೆ, ಒಸಡು ಎಲ್ಲವೂ ಬಿಗಿದುಕೊಂಡವು. ಆ ರುಚಿ ನನಗೆ ಹೊಸದಲ್ಲ. ಹಸಿ ಅಡಿಕೆಯನ್ನು ಕಚ್ಚಿದ ಹುಡುಗನಿಗೆ ಆಗುವುದೂ ಅದೇ. ನಮ್ಮ ಷಡ್ರಸಗಳಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ: ಒಗರು. "ಇದನ್ನು ಟ್ಯಾನಿನ್ ಎನ್ನುತ್ತೇವೆ" ಎಂದರು ಮೇಷ್ಟರು. ಅಡಿಕೆ ಬೇಯಿಸುವ ಹಂಡೆಯಲ್ಲಿ ಉಳಿಯುವ ಕೆಂಗಂದು ಚೊಗರು, ಅದನ್ನು ಮುಂದಿನ ವರ್ಷದ ಬೇಯಿಸುವಿಕೆಗೆಂದು ತೆಗೆದಿಡುವುದು, ಇವನ್ನೆಲ್ಲ ನಾನು ಬಣ್ಣಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ನಮ್ಮ ಸ್ನೇಹ ಬೆಳೆದದ್ದು ಒಗರಿನಿಂದಲೇ.

ಕೆಂಪು ಬಣ್ಣವೂ ಒಗರೂ ದ್ರಾಕ್ಷಿಯ ತಿರುಳಿನಲ್ಲಿರುವುದಿಲ್ಲ; ಬಣ್ಣವಿರುವುದು ಸಿಪ್ಪೆಯಲ್ಲಿ, ಒಗರು ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಸಿಪ್ಪೆಯೊಡನೆ ಹುದುಗುವ ರಸ ಎರಡನ್ನೂ ಹೀರಿಕೊಳ್ಳುತ್ತದೆ. ಬಳಿಕ ೨೨೫ ಲೀಟರು ಹಿಡಿಯುವ ಓಕ್ ಪೀಪಾಯಿಯೂ ತನ್ನ ಪಾಲಿನ ಒಗರನ್ನು ಕೂಡಿಸುತ್ತದೆ. ಸೀಸೆ ಸೇರಿದ ಮೇಲೆ ಒಗರಿನ ಕಣಗಳು ಬಣ್ಣದ ಕಣಗಳೊಡನೆಯೂ ತಮ್ಮತಮ್ಮೊಳಗೂ ಬೆಸೆದುಕೊಂಡು ದೊಡ್ಡವಾಗಿ, ಕೊನೆಗೆ ಮಡ್ಡಿಯಾಗಿ ತಳಕ್ಕಿಳಿಯುತ್ತವೆ. ಇದಕ್ಕೆ ಗಾಳಿ ಬೇಕು, ಆದರೆ ಅತ್ಯಲ್ಪವಾಗಿ. ದ್ರಾಕ್ಷಾರಸವನ್ನು ಪಕ್ವಗೊಳಿಸುವುದೂ ಕೆಡಿಸುವುದೂ ಆಮ್ಲಜನಕವೇ ಎಂಬುದನ್ನು ಲೂಯಿ ಪಾಸ್ಟರ್ ೧೮೬೬ರ ತನ್ನ ಗ್ರಂಥದಲ್ಲಿ ವಿವರಿಸಿದ. ಹೆಚ್ಚಿನ ದ್ರಾಕ್ಷಾರಸಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸತಕ್ಕವು. ದಶಕಗಳ ಕಾಲ ಕಾಯಬಲ್ಲವು ಕೆಲವು ಮಾತ್ರ. ಹುಟ್ಟಿನಲ್ಲಿ ಒಗರೂ ಹುಳಿಯೂ ತೀವ್ರವಾಗಿದ್ದವಕ್ಕೇ ಆ ಆಯುಸ್ಸು.

ಅಂಥದೊಂದು ಸೀಸೆ ಮೇಷ್ಟರ ನೆಲಮಾಳಿಗೆಯಲ್ಲಿ ಅಡ್ಡ ಮಲಗಿತ್ತು. ಜಿರೋಂದ್ ಅಳಿವೆಯ ಎಡದಂಡೆಯ ಪೊಯಾಕ್ ಎಂಬ ಊರಿನದು. ೧೮೫೫ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾಡಿದ ಶ್ರೇಣಿಯಲ್ಲಿ ಹೆಸರು ಪಡೆದ ತೋಟವೊಂದರದು. ಅಲ್ಲಿಯ ನೆಲ ಹರಳುಗಲ್ಲಿನದು. ನೀರು ನಿಲ್ಲುವುದಿಲ್ಲ, ಬಳ್ಳಿ ಆಳಕ್ಕೆ ಬೇರಿಳಿಸಬೇಕು. ೧೯೮೨ರ ಫಸಲು ಅದು. ಬಿಸಿಲೂ ಬೆಳೆಯೂ ಒಟ್ಟಿಗೆ ಒಲಿದ, ಬೋರ್ಡೋದಲ್ಲಿ ಇಂದಿಗೂ ಹೆಸರು ಹೇಳುವ ವರ್ಷ. ಮೇಷ್ಟರೂ ಅವರ ತಮ್ಮನೂ ೧೯೮೫ರಲ್ಲಿ ಇಬ್ಬರ ಸಂಬಳ ಕೂಡಿಸಿ ಹನ್ನೆರಡು ಸೀಸೆಗಳ ಒಂದು ಪೆಟ್ಟಿಗೆ ಕೊಂಡಿದ್ದರು. ೧೯೯೧ರಿಂದ ಎರಡು ವರ್ಷಕ್ಕೊಂದರಂತೆ, ತಂದೆಯ ಮನೆಯಲ್ಲಿ, ಒಟ್ಟಿಗೆ ಕುಳಿತು ತೆರೆಯುವುದೆಂದು ಒಪ್ಪಂದ. ೨೦೧೧ಕ್ಕೆ ಹನ್ನೊಂದು ಮುಗಿದವು. ಮರುವರ್ಷ ತಂದೆ ತೀರಿಕೊಂಡರು. ಮನೆ ಭಾಗವಾಯಿತು, ಮಾತು ನಿಂತಿತು. ಸೀಸೆಯೊಂದು ಮಾತ್ರ ಭಾಗವಾಗದೆ ಉಳಿಯಿತು.

"ಈಗೇಕೆ ತೆರೆಯುತ್ತೀರಿ?" ಎಂದು ಕೇಳಿದೆ. ಮೇಷ್ಟರು ನನ್ನನ್ನು ಕೆಳಗೆ ಕರೆದೊಯ್ದು ದೀಪ ಹಿಡಿದು ತೋರಿಸಿದರು. ಕತ್ತಿನ ತನಕ ಇರಬೇಕಾಗಿದ್ದ ರಸ ಹೆಗಲಿಗೆ ಇಳಿದಿತ್ತು. ಬೆಂಡಿನ ಬಿರಡೆ ದಣಿದಿತ್ತು. ರಸ ಆವಿಯಾದಷ್ಟೂ ಒಳಗೆ ಗಾಳಿ ಸೇರಿತ್ತು. "ನಾವಿಬ್ಬರೂ ಸರಿಯಾದ ದಿನಕ್ಕಾಗಿ ಕಾದೆವು. ಇದು ನಮಗಾಗಿ ಕಾಯಲಾರದು" ಎಂದರು. ಆ ರಾತ್ರಿಯೇ ತಮ್ಮನಿಗೆ ಕಾಗದ ಬರೆದರು.

ಭಾನುವಾರ ತಮ್ಮ ಬಂದ. ಕೈ ಕುಲುಕಿದರು, ಕೆನ್ನೆಗೆ ಕೆನ್ನೆ ತಾಗಿಸಲಿಲ್ಲ. ನನ್ನನ್ನೂ ಮಗಳನ್ನೂ ಕರೆದದ್ದು ಮೌನವನ್ನು ತುಂಬುವುದಕ್ಕೆಂದು ನನಗೆ ಆಗ ಅರ್ಥವಾಯಿತು. ಅವರ ಫ್ರೆಂಚನ್ನು ಮಗಳು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಮೇಷ್ಟರು ತಿರುಪು ಹಾಕಿದೊಡನೆ ಬಿರಡೆ ಅರ್ಧಕ್ಕೆ ಮುರಿಯಿತು. ತಮ್ಮ ಒಂದೂ ಮಾತಾಡದೆ ಕೈ ಚಾಚಿದ. ಅಣ್ಣ ಸೀಸೆಯನ್ನು ಹಿಡಿದ. ತಮ್ಮ ಉಳಿದ ತುಂಡನ್ನು ನಯವಾಗಿ ಎತ್ತಿದ. ಬಳಿಕ ಕತ್ತಿನ ಕೆಳಗೆ ಮೇಣದಬತ್ತಿ ಹಚ್ಚಿಟ್ಟು, ಮಡ್ಡಿಯ ಮೊದಲ ಕರಿಯೆಳೆ ಕಾಣುವವರೆಗೆ ಗಾಜಿನ ಹೂಜಿಗೆ ಬಗ್ಗಿಸಿದರು.

ಬಟ್ಟಲ ಅಂಚಿನಲ್ಲಿ ಬಣ್ಣ ಹಳೆಯ ಹಂಚಿನದಾಗಿತ್ತು. ಮೂಗಿಗೆ ಬಂದದ್ದು ಮಳೆಗಾಲವೆಲ್ಲ ಬಾಗಿಲು ಮುಚ್ಚಿದ ಕೋಣೆಯ ವಾಸನೆ. ತಮ್ಮ ಒಂದು ಗುಟುಕು ಕುಡಿದು, "ಸತ್ತಿದೆ" ಎಂದ. ಅಣ್ಣ, "ತಾಳು" ಎಂದ. ಕಾಲುಗಂಟೆ ಯಾರೂ ಮಾತಾಡಲಿಲ್ಲ.

ಬಿಡಿಸದೆಯೇ ರಸ ಕೊಡುವ ಕಾವ್ಯವನ್ನು ದ್ರಾಕ್ಷಾಪಾಕವೆಂದೂ ಒಡೆದು ಒಳಹೊಗಬೇಕಾದುದನ್ನು ನಾರಿಕೇಳಪಾಕವೆಂದೂ ನಮ್ಮ ಆಲಂಕಾರಿಕರು ವಿಂಗಡಿಸಿದರು. ನಾನೂ ಹಾಗೆಯೇ ಪಾಠ ಹೇಳಿದೆ. ಮೂವತ್ತೇಳು ವರ್ಷದ ಈ ದ್ರಾಕ್ಷಿ ತೆಂಗಿನಕಾಯಿಗಿಂತ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಆದರೆ ಎರಡನೆಯ ಬಾರಿ ಬಟ್ಟಲೆತ್ತಿದಾಗ ಕೋಣೆಯ ಬಾಗಿಲನ್ನು ಯಾರೋ ತೆರೆದಂತಿತ್ತು. ದೇವದಾರು ಪೆಟ್ಟಿಗೆ, ಹೊಗೆಸೊಪ್ಪು, ಮೊದಲ ಮಳೆ ಬಿದ್ದ ತರಗೆಲೆ, ಅವುಗಳ ಹಿಂದೆ ಎಲ್ಲೋ ಕಪ್ಪು ಹಣ್ಣಿನ ನೆನಪು. ಒಗರು ಹೋಗಿರಲಿಲ್ಲ. ಬಾಯನ್ನು ಬಿಗಿಯುವುದನ್ನು ಬಿಟ್ಟು, ತೊಳೆದು ತೊಳೆದು ಮೆತ್ತಗಾದ ಪಂಚೆಯಂತೆ ನಾಲಗೆಯ ಮೇಲೆ ಹಾಸಿಕೊಂಡಿತ್ತು, ಅಷ್ಟೇ. ಒಗರು ಸತ್ತರೆ ಹಣ್ಣು ಮಾಗಿತೆಂದು ನಾವು ತಿಳಿಯುತ್ತೇವೆ. ಇದು ಒಗರೇ ಮಾಗಿದ ರುಚಿ.

"ಅಪ್ಪ ಇದ್ದಿದ್ದರೆ ಇದಕ್ಕೊಂದು ತುಂಡು ಚೀಸ್ ಕೇಳುತ್ತಿದ್ದ" ಎಂದ ತಮ್ಮ. ಮೇಷ್ಟರು ಎದ್ದು ಒಳಗೆ ಹೋದರು. ಚೀಸ್ ತರುವುದಕ್ಕೆ ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯಿತು.

ಒಂದು ಗಂಟೆಯಾಗುವಷ್ಟರಲ್ಲಿ ಪರಿಮಳ ಇಳಿಯತೊಡಗಿತು. ಮುದಿ ರಸಕ್ಕೆ ಗಾಳಿಯಲ್ಲಿ ಅಷ್ಟೇ ಆಯುಸ್ಸು. ಕೊನೆಯ ಗುಟುಕಿನಲ್ಲಿ ಹುಳಿಯಷ್ಟೇ ಇತ್ತು. ಅದನ್ನೂ ಇಬ್ಬರೂ ಬಿಡಲಿಲ್ಲ. ಅವರ ಮನೆಯ ವ್ಯಾಜ್ಯ ಆ ಮಧ್ಯಾಹ್ನ ತೀರಿತೆಂದು ನಾನು ಹೇಳಲಾರೆ. ಹೊರಡುವಾಗ ತಮ್ಮ ಖಾಲಿ ಸೀಸೆಯನ್ನು ಕೇಳಿ ಪಡೆದ. ಮುರಿದ ಬಿರಡೆ ಅಣ್ಣನಲ್ಲಿ ಉಳಿಯಿತು.

ನನಗೂ ಒಬ್ಬ ಅಣ್ಣನಿದ್ದಾನೆ. ನಮ್ಮ ತೋಟ ಹಿಸ್ಸೆಯಾಗಿ ಒಂಬತ್ತು ವರ್ಷ. ಆಮೇಲೆ ನಮ್ಮಲ್ಲಿ ನಡೆದದ್ದು ಲಗ್ನಪತ್ರಿಕೆಗಳ ವಿನಿಮಯ ಮಾತ್ರ. ನಾನೂ ಸರಿಯಾದ ದಿನಕ್ಕಾಗಿ ಕಾಯುತ್ತಿದ್ದೆ; ರಸ ಎಲ್ಲಿಗೆ ಇಳಿದಿದೆಯೆಂದು ದೀಪ ಹಿಡಿದು ನೋಡಿರಲಿಲ್ಲ. ಊರಲ್ಲಿ ಬೆಳಗಾಗುವುದನ್ನು ಲೆಕ್ಕ ಹಾಕಿ ಆ ರಾತ್ರಿ ಫೋನು ಮಾಡಿದೆ. ಏನು ಹೇಳಬೇಕೆಂದು ತೋಚದೆ, "ಕೊನೆಕೊಯ್ಲು ಶುರುವಾಯಿತೇ?" ಎಂದು ಕೇಳಿದೆ.

ಅತ್ತ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಕಡೆಗೆ ಅಣ್ಣ ಹೇಳಿದ: "ಇನ್ನೂ ಹಂಡೆ ಏರಿಸಿಲ್ಲ. ಹಳೆಯ ಚೊಗರು ಇದೆ. ಬಾ."